ಉಕ್ಕಿನ ಹದ: ಮಳವಳ್ಳಿ ಸೀಮೆಯ ಮರೆತ ವಿದ್ಯೆ

(ಶಿವನಸಮುದ್ರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಶಿವನಸಮುದ್ರಕ್ಕೆ ಬಂದವರು ಕಾವೇರಿಯ ಬಗ್ಗೆ ಮಾತನಾಡುವುದು ವಾಡಿಕೆ. ನಾನು ಕಬ್ಬಿಣದ ಬಗ್ಗೆ ಮಾತನಾಡಲು ಬಂದಿದ್ದೇನೆ. ಈ ಊರಿನ ಹೆಸರು ಹೇಳಿದೊಡನೆ ಯಾರಿಗಾದರೂ ನೆನಪಾಗುವುದು ಎರಡು ಸಂಗತಿಗಳು. ಒಂದು, ಗಗನಚುಕ್ಕಿ, ಭರಚುಕ್ಕಿಗಳ ಧುಮುಕು. ಇನ್ನೊಂದು, 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು. ಇವೆರಡರ ನೆರಳಿನಲ್ಲಿ ಮೂರನೆಯದೊಂದು ಮರೆಯಾಗಿ ಕುಳಿತಿದೆ. ಅದು ಈ ಮಳವಳ್ಳಿ ತಾಲ್ಲೂಕಿನಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ಉಕ್ಕು.

ಇದು ನನ್ನ ಕಲ್ಪನೆಯಲ್ಲ. ಬಿ.ಎಲ್. ರೈಸ್ ಸಿದ್ಧಪಡಿಸಿದ, 1897ರಲ್ಲಿ ಪರಿಷ್ಕರಿಸಿ ಮುದ್ರಿಸಿದ ಮೈಸೂರು ಗೆಜೆಟಿಯರ್‌ನಲ್ಲಿ ಸಂಸ್ಥಾನದ ಕೈಗಾರಿಕೆಗಳನ್ನು ವಿವರಿಸುವ ಭಾಗವೊಂದಿದೆ. ಕಬ್ಬಿಣದ ಅದಿರನ್ನು ಕರಗಿಸುವ ತಾಲ್ಲೂಕುಗಳ ಪಟ್ಟಿಯಲ್ಲಿ ಮಾಗಡಿ, ಚಿಕ್ಕನಾಯಕನಹಳ್ಳಿ, ಹೆಗ್ಗಡದೇವನಕೋಟೆಗಳ ಜೊತೆಗೆ ಮಳವಳ್ಳಿಯ ಹೆಸರೂ ಇದೆ. ಉಕ್ಕು ವಿಶೇಷವಾಗಿ ತಯಾರಾಗುವ ಕಡೆಗಳನ್ನು ಹೇಳುವಾಗಲೂ ಹೆಗ್ಗಡದೇವನಕೋಟೆ, ಕೊರಟಗೆರೆ, ಮಧುಗಿರಿಗಳ ಜೊತೆ ಮತ್ತೆ ಮಳವಳ್ಳಿ ಬರುತ್ತದೆ. ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿ ವೀಣೆಯಂಥ ವಾದ್ಯಗಳಿಗಾಗಿ ದಕ್ಷಿಣ ಭಾರತಕ್ಕೆಲ್ಲ ಹೋಗುತ್ತಿತ್ತು ಎಂಬುದನ್ನೂ ಅಲ್ಲಿ ಓದಬಹುದು.

ಹಾಗಾದರೆ ಕಬ್ಬಿಣ ಬೇರೆ, ಉಕ್ಕು ಬೇರೆಯೇ? ಬೇರೆ ಎಂದಾದರೆ ಆ ವ್ಯತ್ಯಾಸ ಎಲ್ಲಿ ಅಡಗಿದೆ? ಇಂದಿನ ಮಾತಿನ ತಿರುಳು ಇದೇ.

ಸತ್ತ ಕುಡುಗೋಲು

ನಾನು ಹುಡುಗನಾಗಿದ್ದಾಗ ಒಮ್ಮೆ ಗದ್ದೆಯಲ್ಲಿ ಕಬ್ಬಿನ ರವದಿಗೆ ಬೆಂಕಿ ಹಾಕಿದ್ದೆವು. ಅದರೊಳಗೆ ನಮ್ಮ ತಂದೆಯ ಕುಡ್ಲು ಬಿದ್ದಿದ್ದನ್ನು ಯಾರೂ ಗಮನಿಸಲಿಲ್ಲ. ಬೆಂಕಿ ಆರಿದ ಮೇಲೆ ತೆಗೆದರೆ ಹಿಡಿ ಸುಟ್ಟಿತ್ತು, ಅಲಗು ಹಾಗೆಯೇ ಇತ್ತು. ಹೊಸ ಹಿಡಿ ಹಾಕಿ, ಸಾಣೆ ಹಿಡಿದು ಗದ್ದೆಗೆ ಒಯ್ದರೆ ನಾಲ್ಕು ಹಿಡಿ ಹುಲ್ಲು ಕೊಯ್ಯುವುದರೊಳಗೆ ಅಲಗು ಮೊಂಡಾಯಿತು. ಮತ್ತೆ ಸಾಣೆ ಹಿಡಿದರೂ ಅದೇ ಕಥೆ. ಕುಲುಮೆಗೆ ಒಯ್ದು ಕೊಟ್ಟಾಗ ಕಮ್ಮಾರರು ಅಲಗನ್ನು ಅರದಿಂದ ಒಂದು ಸಲ ಉಜ್ಜಿ ನೋಡಿ ನಕ್ಕರು.

"ಇದು ಬೆಂಕೀಲಿ ಸತ್ತೋಗದೆ ಕಣ್ ಮಗ. ಕಬ್ಣ ಎಲ್ಲೂ ಹೋಗಿಲ್ಲ, ಹದ ಹೋಗದೆ ಅಷ್ಟೆಯ."

ಆಮೇಲೆ ಅವರು ಮಾಡಿದ್ದು ಇಷ್ಟು. ತಿದಿ ಒತ್ತಿ ಅಲಗನ್ನು ಕೆಂಪಗೆ ಕಾಯಿಸಿದರು. ಕಲ್ಲುಬಾನಿಯ ನೀರಿಗೆ ಸುಯ್ಯೆಂದು ಅದ್ದಿದರು. ಅದನ್ನು ಹಾಗೆಯೇ ಕೊಡಲಿಲ್ಲ. ಅಂಚನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ, ಕೆಂಡದ ಮೇಲೆ ದೂರದಿಂದ ಹಿಡಿದು, ಬಣ್ಣ ತಿರುಗುವುದನ್ನೇ ಕಾಯುತ್ತ ಕುಳಿತರು. ಒಣಹುಲ್ಲಿನ ಬಣ್ಣ ಬಂದು, ಕಂದಾಗಿ, ನೇರಳೆಗೆ ಹೊರಳುವಷ್ಟರಲ್ಲಿ ಇನ್ನೊಮ್ಮೆ ನೀರಿಗೆ ಅದ್ದಿದರು. ಕುಡ್ಲು ಬದುಕಿತು. ಮುಂದೆ ಹಲವು ಸುಗ್ಗಿ ಕಂಡಿತು.

ಸೇರಿಸಿದ್ದೇನೂ ಇಲ್ಲ, ತೆಗೆದದ್ದೇನೂ ಇಲ್ಲ. ತೂಕ ಅದೇ, ಲೋಹ ಅದೇ. ಮೊದಲು ಗಟ್ಟಿಯಾಗಿದ್ದುದು ಮೆತ್ತಗಾಯಿತು, ಮತ್ತೆ ಗಟ್ಟಿಯಾಯಿತು. ಇದು ಹೇಗೆ? ಆ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿತು. ಉತ್ತರ ಸಿಕ್ಕಿದ್ದು ಕಾಲೇಜಿನ ಪುಸ್ತಕದಲ್ಲಿ. ಆದರೆ ಅದು ಅರ್ಥವಾದದ್ದು ಆಲೆಮನೆಯಿಂದ.

ಆಲೆಮನೆಯ ಪಾಠ

ಮಂಡ್ಯದ ಜನರಿಗೆ 'ಹದ' ಎಂಬ ಮಾತಿನ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಬೆಲ್ಲದ ಪಾಕ ಒಂದು ನಿಮಿಷ ಮುಂಚೆ ಇಳಿದರೆ ಅಂಟು, ಒಂದು ನಿಮಿಷ ತಡವಾದರೆ ಕರಕಲು. ಇಳಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸಕ್ಕರೆಯ ಗಟ್ಟಿ ಪಾಕವನ್ನು ದಾರ ಇಳಿಬಿಟ್ಟು ದಿನಗಟ್ಟಲೆ ನಿಧಾನವಾಗಿ ತಣಿಯಲು ಬಿಟ್ಟರೆ ಕಲ್ಲುಸಕ್ಕರೆಯ ದೊಡ್ಡ ಹರಳುಗಳು ಕಟ್ಟುತ್ತವೆ. ನೀರೆಲ್ಲ ಇಂಗುವಷ್ಟು ಕಾಯಿಸಿದ ಪಾಕವನ್ನು ತಣ್ಣನೆಯ ಕಲ್ಲಿನ ಮೇಲೆ ಸುರಿದರೆ ಹರಳು ಕಟ್ಟಲು ಸಮಯವೇ ಸಿಗದೆ ಗಾಜಿನಂಥ ಮಿಠಾಯಿಯಾಗುತ್ತದೆ. ಸಕ್ಕರೆ ಅದೇ. ಕಾಯಿಸಿದ ಬಗೆ ಮತ್ತು ತಣಿಸಿದ ವೇಗ, ಇವೆರಡೇ ಬೇರೆ.

ಉಕ್ಕಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಇಲ್ಲಿ ಸಕ್ಕರೆಯ ಸ್ಥಾನದಲ್ಲಿ ಇರುವುದು ಇಂಗಾಲ, ಅಂದರೆ ಇದ್ದಿಲಿನ ಸತ್ವ. ದೊಡ್ಡ ವ್ಯತ್ಯಾಸ ಒಂದೇ: ಪಾಕದಲ್ಲಿ ಕರಗುವ ಕೆಲಸ ದ್ರವದಲ್ಲಿ ನಡೆಯುತ್ತದೆ, ಉಕ್ಕಿನಲ್ಲಿ ಅದು ಗಟ್ಟಿ ಲೋಹದೊಳಗೇ ನಡೆಯುತ್ತದೆ. ಕರಗದೆ, ಸೋರದೆ, ಕೇವಲ ಕೆಂಪಗೆ ಕಾದ ಕಬ್ಬಿಣದ ಒಡಲಿನಲ್ಲಿ ಇಂಗಾಲದ ಪರಮಾಣುಗಳು ಜಾಗ ಬದಲಿಸುತ್ತ ಓಡಾಡುತ್ತವೆ.

ಕಬ್ಬಿಣದ ಪರಮಾಣುಗಳು ಸಾಲುಗಟ್ಟಿ ನಿಂತಿರುತ್ತವೆ. ಈ ಸಾಲಿನ ವಿನ್ಯಾಸ ಎಲ್ಲ ಶಾಖದಲ್ಲೂ ಒಂದೇ ಅಲ್ಲ. ಶುದ್ಧ ಕಬ್ಬಿಣವನ್ನು ಕಾಯಿಸುತ್ತ ಹೋದರೆ 912 ಡಿಗ್ರಿ ಸೆಲ್ಸಿಯಸ್‌ನವರೆಗೆ ಒಂದು ವಿನ್ಯಾಸ: ಘನಾಕೃತಿಯ ಎಂಟು ಮೂಲೆಗಳಲ್ಲಿ ಒಂದೊಂದು ಪರಮಾಣು, ನಟ್ಟನಡುವೆ ಒಂದು. ಅದಕ್ಕಿಂತ ಮೇಲೆ ಸಾಲುಗಳು ಸರಿದು ಬೇರೆ ವಿನ್ಯಾಸ ತಾಳುತ್ತವೆ: ಮೂಲೆಗಳಲ್ಲಿ ಒಂದೊಂದು, ಆರು ಮುಖಗಳ ನಡುವೆ ಒಂದೊಂದು. ಸಂತೆಯಲ್ಲಿ ಕಿತ್ತಳೆಹಣ್ಣನ್ನು ಗೋಪುರದಂತೆ ಒತ್ತಾಗಿ ಜೋಡಿಸಿರುತ್ತಾರಲ್ಲ, ಇದು ಅಂಥ ಜೋಡಣೆ. ಒಂದೇ ವಸ್ತುವಿನ ಇಂಥ ಬೇರೆ ಬೇರೆ ರೂಪಗಳನ್ನು ವಿಜ್ಞಾನ 'ಪ್ರಾವಸ್ಥೆ' ಎನ್ನುತ್ತದೆ. ಕೆಳಗಿನದಕ್ಕೆ ಫೆರೈಟ್ ಎಂದು ಹೆಸರು. ಮೇಲಿನದು ಇಂಗಾಲವನ್ನು ಕರಗಿಸಿಕೊಂಡಾಗ ಆಸ್ಟೆನೈಟ್.

ಎರಡನೆಯ ಜೋಡಣೆ ಒತ್ತಾಗಿದ್ದರೂ ಅದರ ಸಂದುಗಳು ಒಂದೊಂದೂ ದೊಡ್ಡವು. ಮೊದಲನೆಯದರಲ್ಲಿ ಸಂದುಗಳು ಹೆಚ್ಚು, ಆದರೆ ಎಲ್ಲವೂ ಇಕ್ಕಟ್ಟು. ಆದ್ದರಿಂದ ಫೆರೈಟ್ ಹೆಚ್ಚೆಂದರೆ ನೂರಕ್ಕೆ 0.02 ಭಾಗ ಇಂಗಾಲವನ್ನು ಒಳಗಿಟ್ಟುಕೊಳ್ಳಬಲ್ಲದು. ಆಸ್ಟೆನೈಟ್ 1148 ಡಿಗ್ರಿಯಲ್ಲಿ ನೂರಕ್ಕೆ 2.1 ಭಾಗದವರೆಗೆ ಇಂಗಾಲಕ್ಕೆ ಜಾಗ ಕೊಡುತ್ತದೆ. ನೂರು ಪಟ್ಟು ವ್ಯತ್ಯಾಸ! ಉಕ್ಕಿನ ಗುಟ್ಟೆಲ್ಲ ಈ ಅಂತರದಲ್ಲಿದೆ.

ಮನೆ ಕಳೆದುಕೊಂಡ ಇಂಗಾಲ

ಕೆಂಪಗೆ ಕಾದ ಉಕ್ಕು ತಣಿಯುತ್ತ 727 ಡಿಗ್ರಿಗೆ ಇಳಿಯಿತೆನ್ನಿ. ಅಲ್ಲಿ ಆಸ್ಟೆನೈಟ್ ಮುರಿದು ಫೆರೈಟ್ ಆಗಲೇಬೇಕು. ಒಳಗಿದ್ದ ಇಂಗಾಲಕ್ಕೆ ಇನ್ನು ಜಾಗವಿಲ್ಲ. ಅದು ಎಲ್ಲಿಗೆ ಹೋಗಬೇಕು?

ತಣಿಯುವುದು ನಿಧಾನವಾಗಿದ್ದರೆ ಇಂಗಾಲಕ್ಕೆ ಓಡಾಡಲು ಸಮಯವಿರುತ್ತದೆ. ಮೂರು ಕಬ್ಬಿಣದ ಪರಮಾಣುಗಳಿಗೆ ಒಂದು ಇಂಗಾಲದಂತೆ ಸೇರಿ ಒಂದು ಸಂಯುಕ್ತ ಕಟ್ಟುತ್ತದೆ. ಇದೇ ಕಬ್ಬಿಣದ ಕಾರ್ಬೈಡ್. ಇದನ್ನು ಸಿಮೆಂಟೈಟ್ ಎಂದೂ ಕರೆಯುತ್ತಾರೆ. ಇದು ಬಹಳ ಗಡಸು, ಅಷ್ಟೇ ಪೆಡಸು. ಫೆರೈಟ್‌ನ ಒಂದು ಪದರ, ಕಾರ್ಬೈಡಿನ ಒಂದು ಪದರ, ಹೀಗೆ ಚಿರೋಟಿಯ ಎಸಳುಗಳಂತೆ ಎರಡೂ ಒತ್ತೊತ್ತಾಗಿ ಕೂರುತ್ತವೆ. ಇಂಗ್ಲೆಂಡಿನ ಶೆಫೀಲ್ಡ್‌ನ ಹೆನ್ರಿ ಕ್ಲಿಫ್ಟನ್ ಸಾರ್ಬಿ 1860ರ ದಶಕದಲ್ಲಿ ಉಕ್ಕನ್ನು ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸತೊಡಗಿದ. ಈ ಪದರಗಳಿಗೆ ಮುತ್ತಿನ ಚಿಪ್ಪಿನ ಹೊಳಪಿದ್ದುದರಿಂದ ಇದಕ್ಕೆ 'ಪರ್ಲೈಟ್' ಎಂಬ ಹೆಸರು ಬಂತು. ಹೀಗೆ ಪದರವಾಗುವಾಗ ಒಳಗಿನ ಶಾಖ ಹೊರಬೀಳುತ್ತದೆ. ಕತ್ತಲ ಕುಲುಮೆಯಲ್ಲಿ ಕಣ್ಣಿಟ್ಟು ನೋಡಿದರೆ, ಮಂಕಾಗುತ್ತಿದ್ದ ಉಕ್ಕು ಒಂದು ಗಳಿಗೆ ಮತ್ತೆ ಬೆಳಗಿ ಆಮೇಲೆ ಕಪ್ಪಾಗುವುದು ಕಾಣುತ್ತದೆ.

ಅದೇ ಕೆಂಪು ಉಕ್ಕನ್ನು ನೀರಿಗೆ ಅದ್ದಿದರೆ? ಇಂಗಾಲಕ್ಕೆ ಹೊರಡಲು ಸಮಯವೇ ಇಲ್ಲ. ಬಸ್ಸು ಹೊರಟಾಗ ಬಾಗಿಲಲ್ಲಿ ಸಿಕ್ಕಿಕೊಂಡವನಂತೆ ಅದು ಇಕ್ಕಟ್ಟಿನಲ್ಲೇ ಸಿಲುಕುತ್ತದೆ. ಕಬ್ಬಿಣದ ಸಾಲುಗಳು ನೆಟ್ಟಗೆ ನಿಲ್ಲಲಾಗದೆ ಒಂದು ಕಡೆಗೆ ಜಗ್ಗುತ್ತವೆ. ಸಾಲುಗಳು ಒಂದರ ಮೇಲೊಂದು ಜಾರುವುದರಿಂದಲೇ ಲೋಹ ಬಾಗುವುದು. ಜಗ್ಗಿದ ಸಾಲು ಜಾರಲಾರದು. ಆದ್ದರಿಂದ ಉಕ್ಕು ಅತಿ ಗಡಸಾಗುತ್ತದೆ, ಗಾಜಿನಂತೆ ಪೆಡಸೂ ಆಗುತ್ತದೆ. ಈ ರೂಪಕ್ಕೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನಿಂದ ಮಾರ್ಟೆನ್‌ಸೈಟ್ ಎಂದು ಹೆಸರಿಟ್ಟರು. ಇದು ಹಳೆಯ ರೂಪಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ನೀರಿಗೆ ಅದ್ದಿದ ಅಲಗು ಕೆಲವೊಮ್ಮೆ ಟಿಣ್ಣೆಂದು ಸೀಳುವುದು ಈ ಹಿಗ್ಗುವಿಕೆಯಿಂದ.

ಈಗ ನಮ್ಮ ಕಮ್ಮಾರರು ಬಣ್ಣ ನೋಡುತ್ತ ಕುಳಿತದ್ದು ಏಕೆಂದು ತಿಳಿಯುತ್ತದೆ. ಅಂಚನ್ನು ಸುಮಾರು 200ರಿಂದ 300 ಡಿಗ್ರಿಯವರೆಗೆ ಮತ್ತೆ ಬಿಸಿ ಮಾಡಿದರೆ ಸಿಲುಕಿದ ಇಂಗಾಲದಲ್ಲಿ ಸ್ವಲ್ಪ ಭಾಗ ಬಿಡಿಸಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬೈಡ್ ಕಣಗಳಾಗುತ್ತದೆ. ಬಿಗಿ ಸಡಿಲುತ್ತದೆ, ಗಡಸುತನ ಬಹುಪಾಲು ಉಳಿಯುತ್ತದೆ. ಆ ಬಣ್ಣಗಳು ಮೇಲ್ಮೈಯಲ್ಲಿ ಕಟ್ಟುವ ತೆಳು ಆಕ್ಸೈಡ್ ಪೊರೆಯವು. ಹುಲ್ಲಿನ ಬಣ್ಣ ಸುಮಾರು 230 ಡಿಗ್ರಿಗೆ, ನೇರಳೆ 280ಕ್ಕೆ, ನೀಲಿ 300ಕ್ಕೆ. ನಮ್ಮ ಕಮ್ಮಾರರ ಉಷ್ಣಮಾಪಕ ಅದು. ರವದಿಯ ಬೆಂಕಿಯಲ್ಲಿ ಕುಡುಗೋಲು ಇದಕ್ಕಿಂತ ಬಹಳ ಹೆಚ್ಚು ಕಾದು, ಸಿಕ್ಕಿದ್ದ ಇಂಗಾಲವೆಲ್ಲ ಹೊರಬಂದು ದಪ್ಪ ಕಣಗಳಾಗಿಬಿಟ್ಟಿತ್ತು. ಅದೇ ಅದರ ಸಾವು. ಕೆಂಪಗೆ ಕಾಯಿಸಿ ಎಲ್ಲವನ್ನೂ ಮತ್ತೆ ಆಸ್ಟೆನೈಟ್‌ನಲ್ಲಿ ಕರಗಿಸಿದ್ದೇ ಅದರ ಮರುಹುಟ್ಟು.

ಮೂಸೆಯೊಳಗಿನ ಉಕ್ಕು

ಇನ್ನು ಮಳವಳ್ಳಿಗೆ ಬರೋಣ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ತಿದಿ ಒತ್ತುವ ಹಳ್ಳಿಯ ಕುಲುಮೆಗೆ ಅದು ಎಟುಕುವುದಿಲ್ಲ. ಅದರಲ್ಲಿ ಅದಿರು ಕರಗದೆಯೇ ಕಬ್ಬಿಣವಾಗಿ, ಕಿಟ್ಟದೊಂದಿಗೆ ಸೇರಿದ ಮುದ್ದೆಯಾಗಿ ಬರುತ್ತದೆ. ಅದನ್ನು ಬಡಿದು ಕಿಟ್ಟ ಬಿಡಿಸಿದರೆ ಸಿಗುವುದು ಮೆತ್ತನೆಯ ಕಬ್ಬಿಣ. ಅದಕ್ಕೆ ಇಂಗಾಲ ಸೇರಿಸಿದರೆ ಕರಗುವ ಶಾಖವೂ ಇಳಿಯುತ್ತದೆ, ಉಕ್ಕೂ ಆಗುತ್ತದೆ. ಇದನ್ನು ಕಂಡುಕೊಂಡದ್ದೇ ನಮ್ಮವರ ಜಾಣ್ಮೆ.

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬ್ಯೂಕನನ್ ಈ ಶಿವನಸಮುದ್ರದ ಜಲಪಾತಗಳನ್ನೂ ನೋಡಿ ಬರೆದಿದ್ದಾನೆ. ಮಾಗಡಿಯ ಕಡೆ ಹಾಗೂ ಚನ್ನರಾಯನದುರ್ಗದ ಬಳಿ ಉಕ್ಕು ಮಾಡುವುದನ್ನು ವಿವರವಾಗಿ ದಾಖಲಿಸಿದವನೂ ಅವನೇ. ಜೇಡಿಮಣ್ಣಿನ ಸಣ್ಣ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಇಟ್ಟು ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಆ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಗೆ, ವಾದ್ಯಗಳ ತಂತಿಗೆ ಬಳಕೆಯಾಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ಸಿಕ್ಕಿವೆ. ಆ ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿದ್ದರು. ಹೊಟ್ಟಿನಲ್ಲಿರುವ ಸಿಲಿಕ ಮೂಸೆಗೆ ಬೆಂಕಿ ತಡೆಯುವ ಶಕ್ತಿ ಕೊಡುತ್ತದೆ. ಗದ್ದೆಯ ಹೊಟ್ಟು, ಬೇಲಿಯ ತಂಗಡಿ, ಕಾಡಿನ ಇದ್ದಿಲು, ಹಳ್ಳದ ಕರಿಮರಳು: ಲೋಕವೇ ಬಯಸಿದ ಲೋಹಕ್ಕೆ ಬೇಕಾದದ್ದು ಇಷ್ಟೆ.

ತಮಿಳಿನಲ್ಲಿ 'ಉರುಕ್ಕು' ಎಂದರೆ ಕರಗಿಸು ಎಂದೂ ಅರ್ಥ, ಉಕ್ಕು ಎಂದೂ ಅರ್ಥ. ನಮ್ಮ 'ಉಕ್ಕು' ಇದರ ಒಡಹುಟ್ಟು. ಬಡಿದು ಮಾಡಿದ್ದು ಕಬ್ಬಿಣ, ಕರಗಿಸಿ ಮಾಡಿದ್ದು ಉಕ್ಕು ಎಂಬ ತಾಂತ್ರಿಕ ಭೇದವನ್ನು ಭಾಷೆಯೇ ಕಾಪಾಡಿಕೊಂಡು ಬಂದಿದೆ. ಇದೇ ಪದ ಇಂಗ್ಲಿಷರ ಬಾಯಿಯಲ್ಲಿ 'ವೂಟ್ಸ್' ಆಯಿತು. 1794ರಲ್ಲಿ ಮುಂಬಯಿಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಓದಿದ.

ಆದರೆ ಅಲ್ಲಿನ ಕಮ್ಮಾರರ ಕೈಯಲ್ಲಿ ಅದು ಸುಲಭವಾಗಿ ಪಳಗಲಿಲ್ಲ. ತಮ್ಮ ಕಬ್ಬಿಣಕ್ಕೆ ಮಾಡುವಂತೆ ಬೆಳ್ಳಗೆ ಕಾಯಿಸಿ ಬಡಿದರೆ ಅದು ಪುಡಿಯಾಗುತ್ತಿತ್ತು. ಕಾರಣ ಈಗ ನಿಮಗೆ ಹೊಳೆದಿರಬೇಕು. ವೂಟ್ಸ್‌ನಲ್ಲಿ ಇಂಗಾಲ ನೂರಕ್ಕೆ ಸುಮಾರು ಒಂದೂವರೆ ಭಾಗ. ಅಷ್ಟು ಇಂಗಾಲವಿರುವ ಉಕ್ಕು ಬೆಳ್ಳಗೆ ಕಾದರೆ ಒಳಗಿನ ಹರಳುಗಳ ಸಂದುಗಳಲ್ಲಿ ಆಗಲೇ ಕರಗಲು ತೊಡಗಿರುತ್ತದೆ. ಅದನ್ನು ಮಂದ ಕೆಂಪಿನಲ್ಲಿ, ತಾಳ್ಮೆಯಿಂದ, ಮತ್ತೆ ಮತ್ತೆ ಕಾಯಿಸಿ ಬಡಿಯಬೇಕು. ಆ ಶಾಖದಲ್ಲಿ ಕಾರ್ಬೈಡಿನ ಒಂದು ಭಾಗ ಕರಗದೆ ಉಳಿದು, ಬಲೆಯಂತಿದ್ದುದು ತುಂಡಾಗಿ, ದುಂಡು ಕಣಗಳ ಸಾಲಾಗುತ್ತದೆ. ಮಾಸ್ಟರಿಯಿಂದ ಬಡಿದ ಅಲಗಿನ ಮೇಲೆ ಆಮ್ಲ ಸವರಿದರೆ ಈ ಸಾಲುಗಳೇ ಹರಿಯುವ ನೀರಿನ ಅಲೆಯಂತೆ ಕಾಣುತ್ತವೆ. ಹೆಸರಾಂತ ಡಮಾಸ್ಕಸ್ ಕತ್ತಿಯ ಅಂದ ಇದೇ.

ಈ ಸಾಲು ಏಕೆ ಕಟ್ಟುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಅಮೆರಿಕದ ಜಾನ್ ವೆರ್ಹೋವನ್ ಎಂಬ ಲೋಹವಿಜ್ಞಾನಿ, ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರ ಇಬ್ಬರೂ ಜೊತೆಗೂಡಿ ಅಂಥ ಅಲಗುಗಳನ್ನು ಮಾಡಿ ನೋಡಿ 1998ರಲ್ಲಿ ಒಂದು ಉತ್ತರ ಪ್ರಕಟಿಸಿದರು. ಅದಿರಿನಿಂದ ಬಂದ ಅತ್ಯಲ್ಪ ವೆನೇಡಿಯಮ್ ಉಕ್ಕಿನಲ್ಲಿದ್ದರೆ, ಲಕ್ಷಕ್ಕೆ ನಾಲ್ಕು ಭಾಗದಷ್ಟಿದ್ದರೂ ಸಾಕು, ಉಕ್ಕು ಹೆಪ್ಪುಗಟ್ಟುವಾಗ ಅದು ಕೊನೆಗೆ ಗಟ್ಟಿಯಾಗುವ ಎಡೆಗಳಲ್ಲಿ ಸೇರಿಕೊಳ್ಳುತ್ತದೆ. ಮುಂದೆ ಪ್ರತಿ ಸಲ ಕಾಯಿಸಿ ತಣಿಸುವಾಗ ಕಾರ್ಬೈಡ್ ಅಲ್ಲೇ ನೆಲೆಯೂರುತ್ತದೆ. ಅದಿರು ಬದಲಾದರೆ ಅದೇ ಕೈ, ಅದೇ ಕುಲುಮೆ ಇದ್ದರೂ ಅಲೆ ಮೂಡದು.

ಹೆಸರಿಲ್ಲದವರು

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಬೇಕು. 2006ರಲ್ಲಿ ಜರ್ಮನಿಯ ಡ್ರೆಸ್ಡನ್‌ನ ವಿಜ್ಞಾನಿಗಳು ಹಳೆಯದೊಂದು ಡಮಾಸ್ಕಸ್ ಕತ್ತಿಯಲ್ಲಿ ಇಂಗಾಲದ ನ್ಯಾನೋ ನಳಿಕೆಗಳನ್ನು ಕಂಡೆವೆಂದು ವರದಿ ಮಾಡಿದರು. ಅಂದಿನಿಂದ, ನಮ್ಮ ಹಿರಿಯರಿಗೆ ನ್ಯಾನೋ ವಿಜ್ಞಾನ ಗೊತ್ತಿತ್ತು ಎನ್ನುವವರು ಹುಟ್ಟಿಕೊಂಡಿದ್ದಾರೆ. ಗೊತ್ತಿರಲಿಲ್ಲ. ಮೂಸೆಯ ಉಕ್ಕು ನಮ್ಮದೊಬ್ಬರದೇ ಸ್ವತ್ತೂ ಅಲ್ಲ. ತೆಲಂಗಾಣ, ತಮಿಳುನಾಡು, ಶ್ರೀಲಂಕಾ, ಮಧ್ಯ ಏಷ್ಯಾಗಳಲ್ಲೂ ಅದಿತ್ತು. ಇಲ್ಲದ್ದನ್ನು ಹೊಗಳಿದರೆ ಇದ್ದದ್ದಕ್ಕೆ ಅವಮಾನ. ಹಾಗೆಂದು, ಓದುಬರಹವಿಲ್ಲದವರ ಕೈಚಳಕವಷ್ಟೇ ಎಂದು ತಳ್ಳಿಹಾಕುವುದೂ ತಪ್ಪು. ಎಷ್ಟು ಕಡ್ಡಿ, ಎಷ್ಟು ಹೊತ್ತು, ಎಂಥ ಕೆಂಪು ಎಂಬುದನ್ನು ತಪ್ಪಿ, ತಿದ್ದಿ, ನೆನಪಿಟ್ಟು, ಮಗನಿಗೆ ದಾಟಿಸಿದ ಆ ಕ್ರಮ ಪ್ರಯೋಗವೇ ಆಗಿತ್ತು. ಬರಹಕ್ಕೆ ಇಳಿಯಲಿಲ್ಲ, ಅಷ್ಟೆ. ಆದ್ದರಿಂದಲೇ ಅದು ಅಳಿದಾಗ ಪೂರ್ತಿ ಅಳಿಯಿತು.

ಅಳಿವಿಗೆ ಕಾರಣ ಒಂದಲ್ಲ. 1856ರಲ್ಲಿ ಬೆಸೆಮರ್ ಕಂಡುಹಿಡಿದ ವಿಧಾನದಿಂದ ಉಕ್ಕು ಅಗ್ಗವಾಯಿತು. ಹಡಗು, ರೈಲು ಅದನ್ನು ಹಳ್ಳಿಯ ಸಂತೆಗೆ ತಂದವು. ಇದ್ದಿಲಿನ ಕಾಡಿಗೆ ಕಾನೂನಿನ ಬೇಲಿ ಬಿತ್ತು. ಕತ್ತಿಗೆ ಗಿರಾಕಿಯಿಲ್ಲವಾಯಿತು. ಗೆಜೆಟಿಯರ್ ಮಳವಳ್ಳಿಯ ಉಕ್ಕಿನ ಹೆಸರು ಹೇಳಿ ಐದೇ ವರ್ಷಕ್ಕೆ, 1902ರಲ್ಲಿ, ಇದೇ ತಾಲ್ಲೂಕಿನ ಈ ಕಣಿವೆಯಲ್ಲಿ ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪೆನಿಯ ನೀರಿನ ಚಕ್ರಗಳು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ವಿದ್ಯುತ್ ಯಂತ್ರಗಳು ತಿರುಗತೊಡಗಿದವು. ಉಕ್ಕು ಹೊರಗೆ ಕಳಿಸುತ್ತಿದ್ದ ನಾಡಿಗೆ ಉಕ್ಕು ಹೊರಗಿನಿಂದ ಬಂತು. ಮೈಸೂರು ಸಂಸ್ಥಾನ ಮತ್ತೆ ಕಬ್ಬಿಣ ಕರಗಿಸಲು 1923ರಲ್ಲಿ ಭದ್ರಾವತಿಯ ಕಾರ್ಖಾನೆ ಬರಬೇಕಾಯಿತು. ಅಲ್ಲಿಯೂ ಮೊದಲು ಉರಿದದ್ದು ಮಲೆನಾಡಿನ ಇದ್ದಿಲೇ.

ಆದರೆ ಈ ಎರಡು ಕಥೆಗಳ ನಡುವೆ ಒಂದು ಎಳೆ ಇದೆ. ಲಂಡನ್ನಿನಲ್ಲಿ ವೂಟ್ಸ್‌ನ ಗುಟ್ಟು ಬಿಡಿಸಲು ಹೊರಟವರಲ್ಲಿ ಕಮ್ಮಾರನೊಬ್ಬನ ಮಗನಿದ್ದ. 1819ರಲ್ಲಿ ಅವನು ಅದನ್ನು ವಿಶ್ಲೇಷಿಸಿದ, ಅದರಂಥದ್ದನ್ನು ಮಾಡಲು ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ಗುಟ್ಟು ಇಂಗಾಲದಲ್ಲಿದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಆದರೆ ಮಿಶ್ರಲೋಹದ ಉಕ್ಕುಗಳ ಅಧ್ಯಯನಕ್ಕೆ ಅದು ನಾಂದಿಯಾಯಿತು. ಅವನ ಹೆಸರು ಮೈಕೇಲ್ ಫ್ಯಾರಡೆ. ಹನ್ನೆರಡು ವರ್ಷಗಳ ನಂತರ, 1831ರಲ್ಲಿ, ಅಯಸ್ಕಾಂತವನ್ನು ಚಲಿಸಿ ವಿದ್ಯುತ್ತು ಹುಟ್ಟಿಸಬಹುದೆಂದು ತೋರಿಸಿದವನೂ ಅವನೇ. ಈ ಕಣಿವೆಯ ವಿದ್ಯುದಾಗಾರ ನಡೆಯುವುದು ಆ ತತ್ತ್ವದ ಮೇಲೆ.

ಫ್ಯಾರಡೆಯ ಹೆಸರು ಉಳಿಯಿತು. ಮಾರ್ಟೆನ್ಸ್ ಹೆಸರಲ್ಲಿ ಮಾರ್ಟೆನ್‌ಸೈಟ್, ರಾಬರ್ಟ್ಸ್ ಆಸ್ಟೆನ್ ಹೆಸರಲ್ಲಿ ಆಸ್ಟೆನೈಟ್ ಇದೆ. ಅವರಿಗೆ ಸಲ್ಲಬೇಕಾದದ್ದೇ. ಆದರೆ ಮಳವಳ್ಳಿಯ ಯಾವ ಕಮ್ಮಾರನ ಹೆಸರೂ ಯಾವ ಪ್ರಾವಸ್ಥೆಗೂ ಇಲ್ಲ. ಉಳಿದಿರುವುದು 'ಉಕ್ಕು' ಎಂಬ ಪದ, ಗೆಜೆಟಿಯರ್‌ನ ಒಂದು ಸಾಲು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿನಲ್ಲಿ ಇನ್ನೂ ಒಂದು ಕುಲುಮೆ ಉರಿಯುತ್ತಿದ್ದರೆ ಅಲ್ಲಿ ಹೋಗಿ ಕುಳಿತುಕೊಳ್ಳಿ. ಅವರು ಯಾವ ಕೆಂಪಿಗೆ ತೆಗೆಯುತ್ತಾರೆ, ಯಾವ ಬಣ್ಣಕ್ಕೆ ಅದ್ದುತ್ತಾರೆ, ಆ ಬಣ್ಣಕ್ಕೆ ಏನೆನ್ನುತ್ತಾರೆ ಎಂಬುದನ್ನು ಕೇಳಿ, ಅವರ ಹೆಸರಿನ ಸಮೇತ ಬರೆದಿಡಿ. ಪುಸ್ತಕದಲ್ಲಿರುವ 727 ಡಿಗ್ರಿ ಎಲ್ಲಿಗೂ ಓಡಿಹೋಗುವುದಿಲ್ಲ. ಕಣ್ಣಿನಲ್ಲಿರುವ ಹದ ಕಣ್ಣು ಮುಚ್ಚಿದರೆ ಹೋಗುತ್ತದೆ.